ರಂಗಸಜ್ಜಿಕೆಗೆ ವಿಆರ್ ಸ್ಕೆಚ್: ನನ್ನ ಅನುಭವ

ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಗಾಳಿಯಲ್ಲೇ ತ್ರಿಡಿ ಚಿತ್ರ ಬರೆಯುವುದೇ ವಿಆರ್ (ವರ್ಚುವಲ್ ರಿಯಾಲಿಟಿ) ಸ್ಕೆಚ್. ನಾಟಕದ ಸೆಟ್‌ಗೆ ಇದನ್ನು ಬಳಸುತ್ತೇನೆ ಅಂದಾಗ "ಇದು ಹುಡುಗರ ಆಟದ ಸಾಮಾನು ಕಣಯ್ಯಾ" ಅಂದವರೇ ಜಾಸ್ತಿ. ಈಗ ಎರಡು ನಾಟಕದ ಸೆಟ್ ಇದರಿಂದಲೇ ಎದ್ದು ನಿಂತಿವೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಕ್ವೆಸ್ಟ್ 2 ಹೆಡ್‌ಸೆಟ್, ಸುಮಾರು 20 ಸಾವಿರ. ಸಾಫ್ಟ್‌ವೇರ್‌ಗೆ ಖರ್ಚಿಲ್ಲ. 2021ರಲ್ಲಿ ಗೂಗಲ್ ತನ್ನ ವಿಆರ್ ಚಿತ್ರ ಬರೆಯುವ ಸಾಫ್ಟ್‌ವೇರ್ ಟಿಲ್ಟ್ ಬ್ರಷ್ ಕೈಬಿಟ್ಟು ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟಿತಲ್ಲ, ಅದರಿಂದ ಹುಟ್ಟಿದ ಓಪನ್ ಬ್ರಷ್ ಪುಕ್ಕಟೆ. ದುಡ್ಡು ತಿಂದದ್ದು ಪ್ಲೈವುಡ್. ಮೊದಲ ಸೆಟ್‌ನಲ್ಲಿ ಹತ್ತಿರ ಹತ್ತಿರ 12 ಸಾವಿರದ ಹಲಗೆ ದಂಡವಾಯಿತು.

ಕಾರಣ, ಓಪನ್ ಬ್ರಷ್‌ನ ಮಾಮೂಲಿ ಗೆರೆ ಅಂದರೆ ದಪ್ಪವಿಲ್ಲದ ರಿಬ್ಬನ್. ಎದುರಿಂದ ಗೋಡೆ, ಪಕ್ಕಕ್ಕೆ ಹೋದರೆ ಮಾಯ. ಅದರ ಮೇಲೆ ಬೆಂಕಿಯಂಥ ಆ ಹೊಳೆಯುವ ಬ್ರಷ್‌ಗಳು ಬೇರೆ. ಕತ್ತಲಲ್ಲಿ ಏನು ಗೀಚಿದರೂ ಚಂದ. ಬಡಗಿ ನೋಡಿ, "ಸಾರ್, ಈ ಬೆಂಕಿಗೆ ಎಷ್ಟಡಿ ಹಲಗೆ ಕೊಯ್ಲಿ?" ಅಂದ. ಕಾಗದದ ಅಂಚು ಕೈ ತಡೆಯುತ್ತದೆ. ಇಲ್ಲಿ ಅಂಚೇ ಇಲ್ಲ, ಕೈ ನಿಲ್ಲುವುದೇ ಇಲ್ಲ.

ಈಗ ಬ್ರಷ್ ಎರಡೇ. ಗಟ್ಟಿ ಆಕಾರಕ್ಕೆ ಮ್ಯಾಟ್ ಹಲ್, ಹಗ್ಗ-ಸರಳಿಗೆ ವೈರ್. ಬಣ್ಣ ಬರೀ ಬೂದು. ಮೊದಲು ಇಡೀ ರಂಗವನ್ನು ಮೇಜಿನಷ್ಟು ಚಿಕ್ಕದಾಗಿ ಜೋಡಿಸುತ್ತೇನೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದ ಕಂಟ್ರೋಲರ್‌ಗಳ ಗ್ರಿಪ್ ಬಟನ್ ಒತ್ತಿ ಹಿಗ್ಗಿಸಿ ನಿಜ ಅಳತೆಗೆ ತಂದು, ನಟ ನಿಲ್ಲುವಲ್ಲಿ ನಿಂತು ನೋಡುತ್ತೇನೆ. ನಂತರ ರಂಗವನ್ನೇ ಕೆಳಕ್ಕೆ ತಳ್ಳಿದರೆ ಬಾಲ್ಕನಿ ಕೊನೆ ಸಾಲಿನ ನೋಟ ಸಿಗುತ್ತದೆ. ಎರಡನೇ ನಾಟಕದಲ್ಲಿ ಎಡಗಡೆ ಕೂತವರಿಗೆ ಕಂಬ ಉಯ್ಯಾಲೆಯನ್ನು ಪೂರ್ತಿ ಮುಚ್ಚುತ್ತಿತ್ತು. ಗರಗಸ ಎತ್ತುವ ಮೊದಲೇ ಮೂರಡಿ ಸರಿಸಿದೆ. ನನ್ನ ಕಾಗದದ ನಕ್ಷೆಯಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ! ಅಡಿ ಲೆಕ್ಕ ತಪ್ಪದಿರಲು ಒಂದು ಉಪಾಯ ಮಾಡಿಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸುಮ್ನೆ ಕುತೂಹಲಕ್ಕೆ ಒಂದು ರಿಬ್ಬನ್ ಚಿತ್ರವನ್ನು ತ್ರಿಡಿ ಪ್ರಿಂಟ್‌ಗೂ ಕಳಿಸಿದ್ದೆ. ದಪ್ಪವೇ ಇಲ್ಲದ್ದನ್ನು ಯಂತ್ರ ಹೇಗೆ ಮಾಡೀತು? ಫೈಲ್ ವಾಪಸ್ ಬಂತು. ಇನ್ನೊಂದು ವಿಚಿತ್ರ: ಭುಜದಿಂದ ಗೆರೆ ಎಳೆದೂ ಎಳೆದೂ ನನ್ನ ಇದ್ದಿಲ ಚಿತ್ರಗಳು ದೊಡ್ಡದಾಗಿವೆ, ಗೆರೆಗೆ ಧೈರ್ಯ ಬಂದಿದೆ. ಸಣ್ಣ ಪೆನ್ ಕೆಲಸ ಮಾತ್ರ ಸ್ವಲ್ಪ ಕೆಟ್ಟಿದೆ.

ಬ್ಯಾಟರಿ ಎರಡು ಗಂಟೆ ಬಂದರೆ ಹೆಚ್ಚು. ಬೇಸಿಗೆಯಲ್ಲಿ ಅದಕ್ಕೂ ಮೊದಲೇ ಬೆವರಿಗೆ ಲೆನ್ಸ್ ಮಂಜಾಗುತ್ತದೆ. ಒಂದು ರೀತಿಯಲ್ಲಿ ಒಳ್ಳೆಯದೇ, ಕೈ ನಿಲ್ಲಿಸಲು ಅದೊಂದೇ ದಾರಿ.

ಈಗ ನಿರ್ದೇಶಕರಿಗೂ ಹೆಡ್‌ಸೆಟ್ ಹಾಕಿಸಿ ಒಳಗೆ ನಡೆಸುತ್ತೇನೆ. ಪ್ರವೇಶ, ನಿರ್ಗಮನ ಎಲ್ಲ ಅಲ್ಲೇ ತೀರ್ಮಾನ. ಕಂಟ್ರೋಲರ್ ಮಾತ್ರ ಅವರ ಕೈಗೆ ಕೊಡುವುದಿಲ್ಲ. ಕೊಟ್ಟರೆ ಅವರೂ ಬೆಂಕಿ ಗೀಚಲು ಶುರು ಮಾಡುತ್ತಾರೆ.