ಐದನೇ ಮಹಡಿಯಿಂದ ನೆಲಕ್ಕೆ, ಲಿಫ್ಟ್ ಇಲ್ಲದೆ: ನನ್ನ ಅನುಭವ

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿ ಕಟ್ಟಡವೊಂದರ ಅಗ್ನಿ ಸುರಕ್ಷತೆ ನನ್ನ ಹೊಣೆ. ಈಚಿನ ಅಣಕು ಕಾರ್ಯಾಚರಣೆಯಲ್ಲಿ ಐದನೇ ಮಹಡಿಯ ಗಾಲಿಕುರ್ಚಿ ಬಳಸುವ ಉದ್ಯೋಗಿ ಸುಮಾರು ನಾಲ್ಕು ನಿಮಿಷಗಳಲ್ಲಿ ನೆಲ ಮುಟ್ಟಿದರು. "ಅಂಥವರನ್ನೆಲ್ಲ ನೆಲಮಹಡಿಯಲ್ಲೇ ಕೂರಿಸಿಬಿಡಿ, ತಲೆನೋವು ತಪ್ಪುತ್ತದೆ" ಎಂದಿದ್ದ ಮಾಲೀಕರ ಕಡೆಯವರು ಕೆಳಗೆ ಗಡಿಯಾರ ನೋಡುತ್ತ ನಿಂತಿದ್ದರು. ಮತ್ತೆ ಆ ಮಾತು ಎತ್ತಲಿಲ್ಲ.

ಎಲ್ಲರೂ ಮಾಡುವುದು ಹೆಸರಿನ ಪಟ್ಟಿ: ಇಂಥವರಿಗೆ ಇಂಥ ಇಬ್ಬರು ನೆರವಿಗೆ. ನಮ್ಮಲ್ಲೂ ಅದೇ ಇತ್ತು. ಹಿಂದಿನ ಒಂದು ಕಾರ್ಯಾಚರಣೆಯ ದಿನ ಒಬ್ಬರು ರಜೆ, ಇನ್ನೊಬ್ಬರು ಮನೆಯಿಂದಲೇ ಕೆಲಸ. ಪಟ್ಟಿಯನ್ನೇ ಕೈಬಿಟ್ಟು ಹೊಣೆಯನ್ನು ಜಾಗಕ್ಕೆ ಕಟ್ಟಿದೆ. ಆ ಆಸನದ ಸುತ್ತಲ ಎರಡು ಸಾಲುಗಳಲ್ಲಿ ಆ ದಿನ ಯಾರು ಕುಳಿತಿದ್ದಾರೋ ಅವರದೇ ಕೆಲಸ. ಆ ಸಾಲಿನವರಿಗೆಲ್ಲ ತರಬೇತಿ. ಪ್ರತಿ ಮಹಡಿಯವರನ್ನು ಹೊರಗೆ ಕಳಿಸುವ ಹೊಣೆಯ ಫ್ಲೋರ್ ವಾರ್ಡನ್‌ಗಳು ಇದು ನಡೆಯದು ಎಂದರು. ನಡೆಯಿತು.

ದುಡ್ಡು ಹೋದದ್ದು ಮೆಟ್ಟಿಲು ಇಳಿಸುವ ಕುರ್ಚಿಗೆ. ಮೊದಲು ತಂದದ್ದು ನಲವತ್ತೈದು ಸಾವಿರದ ಆಸುಪಾಸಿನದು. ಮರಳು ಮೂಟೆ ಕೂರಿಸಿ ಇಳಿಸಿದರೆ, ನಮ್ಮ ಪಾಲಿಶ್ ಮಾಡಿದ ಗ್ರಾನೈಟ್ ಅಂಚಿನ ಮೇಲೆ ಅದರ ಬೆಲ್ಟ್ ಹಿಡಿತ ತಪ್ಪಿ ಜಾರಿತು. ಮಾರಿದವರು ವಾಪಸು ಪಡೆಯಲಿಲ್ಲ. ಒಂದೂಕಾಲು ಲಕ್ಷದ್ದನ್ನು ತರಿಸಿದರೂ ಅಂಚಿನ ಚಿಂತೆ ಉಳಿಯಿತು. ಕೊನೆಗೆ ಪ್ರತಿ ಮೆಟ್ಟಿಲಿಗೂ ಗೀರು ಕೊರೆಸಿ ಜಾರದ ಪಟ್ಟಿ ಅಂಟಿಸಿದೆವು; ಮೂವತ್ತು ಸಾವಿರದಷ್ಟು ಆಯಿತು. ಕುರ್ಚಿಗೆ ಹಣ ಕೇಳುವ ಮೊದಲು ಮೆಟ್ಟಿಲಿಗೆ ಕೇಳಿ. ಇನ್ನೊಂದು, ಬ್ಯಾಟರಿ ಗಾಲಿಕುರ್ಚಿ ನೂರು ಕಿಲೋ ತೂಗಬಹುದು, ಅದು ಮೇಲೆಯೇ ಉಳಿಯುತ್ತದೆ. ಹೊರಗೆ ಸೇರುವ ಜಾಗದಲ್ಲಿ ಕೈಯಿಂದ ತಳ್ಳುವ ಗಾಲಿಕುರ್ಚಿಯೊಂದು ಸದಾ ಇರಬೇಕು.

ಹೊರುವವರಿಗೆ ಪಾಠ ಹೇಳಿದವರು ಆ ಉದ್ಯೋಗಿಯೇ. ಕಂಕುಳಿಗೆ ಕೈಹಾಕಿ ಎತ್ತಬಾರದು, ಕಾಲು ಸೆಟೆದುಕೊಂಡಾಗ ಒತ್ತಿ ಹಿಡಿಯಬಾರದು, ಕುರ್ಚಿಯ ಕಟ್ಟುಪಟ್ಟಿಯನ್ನು ಮಂಡಿಯ ಮೇಲ್ಭಾಗಕ್ಕೆ ಬಿಗಿಯಬೇಕು. ಯಾವ ತರಬೇತುದಾರನೂ ನಮಗೆ ಇಷ್ಟು ಹೇಳಿರಲಿಲ್ಲ. ಅಂಗವೈಕಲ್ಯದ ಬಗೆಗೆ ಟಿಕ್ ಹಾಕುವ ನಮೂನೆ ಸಾಲದು, ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಕೂತು ಮಾತಾಡಲೇಬೇಕು.

ರಾಷ್ಟ್ರೀಯ ಕಟ್ಟಡ ಸಂಹಿತೆ ರೆಫ್ಯೂಜ್ ಏರಿಯಾ, ಅಂದರೆ ಬೆಂಕಿಯ ವೇಳೆ ನೆರವಿಗೆ ಕಾಯುವ ಸುರಕ್ಷಿತ ಜಾಗ, ಕೇಳುವುದು 24 ಮೀಟರ್‌ಗಿಂತ ಎತ್ತರದ ಕಟ್ಟಡಗಳಿಗೆ. ನಮ್ಮದು ಅಷ್ಟಿಲ್ಲ. ಹಾಗಾಗಿ ಕುರ್ಚಿ ಬರುವವರೆಗೆ ಕಾಯಲು ಫೈರ್ ಡೋರ್‌ನ (ಬೆಂಕಿ, ಹೊಗೆ ತಡೆಯುವ ಬಾಗಿಲಿನ) ಒಳಗಿನ ಮೆಟ್ಟಿಲ ಲ್ಯಾಂಡಿಂಗ್ ಅನ್ನೇ ಗುರುತಿಸಿದೆ, ಇಳಿಯುವವರ ದಾರಿಗೆ ಅಡ್ಡವಾಗದ ಮೂಲೆಯಲ್ಲಿ. ಆ ಬಾಗಿಲು ತೆರೆದಿರಲೆಂದು ಯಾರಾದರೂ ಇಟ್ಟಿಗೆ ಒತ್ತು ಕೊಟ್ಟರೆ ಹೊಗೆ ಒಳನುಗ್ಗಿ ಎಲ್ಲವೂ ವ್ಯರ್ಥ. 2010ರ ಫೆಬ್ರುವರಿ 23ರಂದು ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತ ಬೆಂಕಿಯಲ್ಲಿ ಹೊಗೆ ಏನು ಮಾಡಿತೆಂದು ಈ ಊರಿನಲ್ಲಿ ನಮ್ಮ ಕೆಲಸದವರಿಗೆ ಹೇಳಬೇಕಿಲ್ಲ. ಹೊಗೆಯಂತ್ರ ಬಾಡಿಗೆಗೆ ತಂದು ಬಾಗಿಲುಗಳನ್ನು ಪರೀಕ್ಷಿಸಿದೆ. ಮೂರರಲ್ಲಿ ಒಂದರ ಕ್ಲೋಸರ್, ಬಾಗಿಲನ್ನು ತಾನಾಗಿ ಮುಚ್ಚಿಸುವ ಸಾಧನ, ಸೋತಿತ್ತು. ಇಟ್ಟಿಗೆಗಳನ್ನು ಹೇಗೆ ನಿಲ್ಲಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕಾವಲುಗಾರರಿಗೆ ಗೊತ್ತಾದರೆ ಆ ಉಪಾಯ ಕೆಡುತ್ತದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಕಿವಿ ಕೇಳದವರಿಗೆ ಮೊಬೈಲ್ ಕಂಪನ ಸಾಕೆಂದು ಐಟಿ ವಿಭಾಗ ವಾದಿಸಿತು. ಪರೀಕ್ಷೆಯ ಹೊತ್ತಿಗೆ ಮೊಬೈಲ್‌ಗಳು ಮೇಜಿನ ಮೇಲೆ ಚಾರ್ಜ್ ಆಗುತ್ತಿದ್ದವು. ಮಿನುಗುವ ದೀಪಗಳನ್ನೇ ಹಾಕಿಸಿದೆ, ಶೌಚಾಲಯದೊಳಗೂ. ಅಲ್ಲಿ ಒಬ್ಬರೇ ಇರುತ್ತಾರೆ, ಹೇಳುವವರಿರುವುದಿಲ್ಲ. ದೀಪವೆಲ್ಲ ಆರಿಸಿ ನೋಡಿದಾಗ ಎಲ್ಲರಿಗಿಂತ ಮೊದಲು ಬಾಗಿಲು ತಲುಪಿದವರು ಕಣ್ಣು ಕಾಣದ ಸಹೋದ್ಯೋಗಿ. ಈಗ ಆ ಮಹಡಿಯ ವಾರ್ಡನ್ ಅವರೇ.

ರಾತ್ರಿ ಪಾಳಿಯದು ಬಾಕಿ. ಆಗ ಎರಡು ಸಾಲುಗಳಲ್ಲಿ ಒಬ್ಬಿಬ್ಬರೇ ಇರುತ್ತಾರೆ. ಮೂರನೇ ಮಹಡಿಗೂ ಒಂದು ಕುರ್ಚಿ ಮತ್ತು ರಾತ್ರಿಯ ಕಾವಲುಗಾರರಿಗೆ ತರಬೇತಿ ಕೇಳಿದ್ದೇನೆ. ಕಡತ ಮಾಲೀಕರ ಕಡೆಯವರ ಮೇಜಿನ ಮೇಲಿದೆ, ಈ ಸಲ ಸಹಿ ಹಾಕುತ್ತಾರೆ.