ತೂಕದ ಯಂತ್ರಕ್ಕೆ ವಾರಕ್ಕೊಂದು ಬೆಳಗು ಮಾತ್ರ

ತೂಕ ಇಳಿಸಲು ಹೊರಟಾಗ ನಾನು ಊಟಕ್ಕಿಂತ ಮೊದಲು ಕಟ್ಟುಪಾಡು ಹಾಕಿದ್ದು ತೂಕದ ಯಂತ್ರಕ್ಕೆ. ಬೆಳಿಗ್ಗೆ ಅದು ತೋರಿಸುವ ಅಂಕಿ ನನ್ನ ಅಂದಿನ ತಟ್ಟೆಯನ್ನಾಗಲಿ, ನಡಿಗೆಯನ್ನಾಗಲಿ, ಮನಸ್ಸನ್ನಾಗಲಿ ಆಳಬಾರದು ಎಂದು ಗಟ್ಟಿ ಮಾಡಿಕೊಂಡೆ. ದಿನವೂ ತೂಗಿಕೊಳ್ಳುವ ಗೆಳತಿಯರನ್ನು ಹತ್ತಿರದಿಂದ ನೋಡಿದ್ದೆ. ಅರ್ಧ ಕಿಲೋ ಕಡಿಮೆ ಕಂಡ ದಿನ ‘ಇವತ್ತು ಸ್ವಲ್ಪ ಹೆಚ್ಚು ತಿಂದರೂ ನಡೆಯುತ್ತದೆ’ ಎನ್ನುತ್ತಿದ್ದರು. ಅರ್ಧ ಕಿಲೋ ಹೆಚ್ಚು ಕಂಡ ದಿನ ‘ಇಷ್ಟೆಲ್ಲ ಮಾಡಿ ಏನು ಬಂತು’ ಎಂದು ಕೈಚೆಲ್ಲುತ್ತಿದ್ದರು. ಅಂಕಿ ಏರಲಿ, ಇಳಿಯಲಿ, ಕೆಡುತ್ತಿದ್ದುದು ಅಂದಿನ ಊಟವೇ.

ಆ ಅಂಕಿಯಲ್ಲಿ ಏನೇನು ಸೇರಿದೆ ಎಂದು ತಿಳಿದುಕೊಂಡ ಮೇಲೆ ಅದರ ಮೇಲಿನ ಭಯ ಅರ್ಧಕ್ಕರ್ಧ ಇಳಿಯಿತು. ಮೂಳೆ, ಸ್ನಾಯು, ರಕ್ತ, ಕರುಳಿನಲ್ಲಿ ಇನ್ನೂ ಸಾಗುತ್ತಿರುವ ನಿನ್ನೆಯ ಊಟ, ಆಗತಾನೇ ಕುಡಿದ ನೀರು ಎಲ್ಲವನ್ನೂ ಯಂತ್ರ ಒಟ್ಟಿಗೆ ತೂಗುತ್ತದೆ. ಒಂದು ಲೀಟರ್ ನೀರು ಕುಡಿದು ಮತ್ತೆ ಅದರ ಮೇಲೆ ನಿಂತರೆ ಒಂದು ಕಿಲೋ ಹೆಚ್ಚು. ಊಟದಲ್ಲಿ ಉಪ್ಪು ಜಾಸ್ತಿಯಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಲಬದ್ಧತೆಯಿದ್ದರೆ ಅದೂ ತೂಕವೇ. ರೂಢಿಯಿಲ್ಲದ ವ್ಯಾಯಾಮ ಮಾಡಿ ತೊಡೆ, ತೋಳು ನೋಯುತ್ತಿರುವಾಗ ಆ ಸ್ನಾಯುಗಳಲ್ಲಿ ಸೇರುವ ನೀರೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ವ್ಯಾಯಾಮ ಶುರುಮಾಡಿದ ಮೊದಲ ವಾರದಲ್ಲೇ ತೂಕ ಏರಿದ್ದನ್ನು ಕಂಡು ಎಷ್ಟೋ ಜನ ಅದನ್ನು ಬಿಟ್ಟುಬಿಡುತ್ತಾರೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈ ಬಿಗಿದುಕೊಂಡು ಊದಿದಂತಾಗುವುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಆಗ ಕಾಣುವ ಏರಿಕೆಗೂ ಕೊಬ್ಬಿಗೂ ಸಂಬಂಧವಿಲ್ಲ.

ಮೊದಲ ವಾರದ ಸಂಭ್ರಮವನ್ನೂ ನಾನು ನಂಬಲಿಲ್ಲ. ದೇಹ ತುರ್ತಿಗೆಂದು ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜೆನ್ ರೂಪದಲ್ಲಿ ಸಕ್ಕರೆಯನ್ನು ಕೂಡಿಟ್ಟಿರುತ್ತದೆ. ಪ್ರತಿ ಒಂದು ಗ್ರಾಂ ಗ್ಲೈಕೋಜೆನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ಈ ಸಂಗ್ರಹ ಖರ್ಚಾಗುತ್ತದೆ, ಅದರೊಂದಿಗೆ ನೀರೂ ಹೋಗುತ್ತದೆ. ಕೆಲವೇ ದಿನಗಳಲ್ಲಿ ಒಂದೆರಡು ಕಿಲೋ ಇಳಿದಂತೆ ಕಾಣುವುದು ಹೀಗೆ. ಅದೇ ವೇಗ ಮುಂದೆಯೂ ಇರುತ್ತದೆ ಎಂದು ನಂಬಿದವರಿಗೆ ಮೂರನೆಯ ವಾರ ತಡೆದುಕೊಳ್ಳಲಾಗದಷ್ಟು ನಿಧಾನ ಎನಿಸುತ್ತದೆ.

ಲೆಕ್ಕ ಹಾಕಿದರೆ ಇನ್ನೂ ನಿರಾಳವಾಗುತ್ತದೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿದೆ. ಒಂದೇ ರಾತ್ರಿಯಲ್ಲಿ ಒಂದು ಕಿಲೋ ಕೊಬ್ಬು ಸೇರಬೇಕಾದರೆ ದೇಹ ಖರ್ಚು ಮಾಡುವುದರ ಮೇಲೆ ಇಷ್ಟನ್ನು ಹೆಚ್ಚುವರಿಯಾಗಿ ತಿಂದಿರಬೇಕು. ಹಬ್ಬದೂಟ ಉಂಡರೂ ಅದು ಸುಲಭವಲ್ಲ. ಹಾಗೆಯೇ ದಿನಕ್ಕೆ ಐನೂರು ಕ್ಯಾಲೊರಿ ಕಡಿಮೆ ತಿಂದವರಿಗೆ ವಾರಕ್ಕೆ ಇಳಿಯುವ ಕೊಬ್ಬು ಅರ್ಧ ಕಿಲೋಕ್ಕಿಂತ ಚೂರು ಕಡಿಮೆ. ನೀರಿನ ಏರಿಳಿತವೇ ದಿನಕ್ಕೆ ಒಂದೆರಡು ಕಿಲೋ ಇರುವಾಗ, ದಿನಕ್ಕೆ ಅರವತ್ತು ಎಪ್ಪತ್ತು ಗ್ರಾಂನಷ್ಟು ಕರಗುವ ಕೊಬ್ಬು ಯಂತ್ರದ ಕಣ್ಣಿಗೆ ಬೀಳುವುದಾದರೂ ಹೇಗೆ?

ಹಾಗೆಂದು ನಾನು ಯಂತ್ರವನ್ನು ಮನೆಯಿಂದಾಚೆ ಎಸೆಯಲಿಲ್ಲ. ಎಸೆಯಿರಿ ಎಂದು ಹೇಳುವವರ ಮಾತು ನನಗೆ ಒಪ್ಪಿಗೆಯೂ ಇಲ್ಲ. ಇಳಿಸಿದ ತೂಕವನ್ನು ವರ್ಷಗಟ್ಟಲೆ ಉಳಿಸಿಕೊಂಡವರಲ್ಲಿ ನಿಯಮಿತವಾಗಿ ತೂಗಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಅಂಕಿಯನ್ನು ನೋಡಿ ಮನಸ್ಸು ಕದಡದವರು ದಿನವೂ ತೂಗಿಕೊಂಡು ವಾರದ ಸರಾಸರಿ ತೆಗೆಯಬಹುದು. ನನ್ನ ಮನಸ್ಸು ಅಂಥದ್ದಲ್ಲ. ಆದ್ದರಿಂದ ಯಂತ್ರವನ್ನು ಕಪಾಟಿನೊಳಗೆ ಇಟ್ಟು, ವಾರದಲ್ಲಿ ಒಂದು ದಿನ, ಎದ್ದು ಶೌಚ ಮುಗಿಸಿದ ಮೇಲೆ, ಏನನ್ನೂ ತಿನ್ನುವ ಕುಡಿಯುವ ಮೊದಲು, ಹಗುರವಾದ ಅದೇ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲೆ ಇಟ್ಟು ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ಜಮಖಾನೆಯ ಮೇಲೆ ಇಟ್ಟರೆ ಯಂತ್ರ ತಪ್ಪು ತೋರಿಸಬಹುದು.

ಬರೆದಿಟ್ಟ ಅಂಕಿಯನ್ನು ಹಿಂದಿನ ವಾರದೊಂದಿಗೆ ಹೋಲಿಸುವುದಿಲ್ಲ, ನಾಲ್ಕು ವಾರಗಳ ಹಿಂದಿನದರೊಂದಿಗೆ ಹೋಲಿಸುತ್ತೇನೆ. ಮುಟ್ಟಿನ ಚಕ್ರ ಸರಿಸುಮಾರು ಅಷ್ಟೇ ಇರುವುದರಿಂದ ಒಂದೇ ಹಂತದ ಎರಡು ದಿನಗಳು ಎದುರುಬದುರಾಗುತ್ತವೆ. ನನ್ನ ಪುಸ್ತಕದ ಒಂದು ಪುಟದಲ್ಲಿ ಸಾಲಾಗಿ 78.4, 77.9, 77.6, 78.5 ಎಂದಿದೆ. ಇಷ್ಟನ್ನೇ ನೋಡಿದರೆ ಒಂದು ತಿಂಗಳು ನೀರಿಗೆ ಬಿದ್ದಿತು ಎನಿಸುತ್ತದೆ. ಕೊನೆಯದು ಮುಟ್ಟಿಗೆ ಎರಡು ದಿನ ಮುಂಚಿನದು. ಅದರ ಹಿಂದಿನ ಪುಟದಲ್ಲಿ ಅದೇ ಹಂತದ ಅಂಕಿ 79.8. ಒಂದು ಕಿಲೋಕ್ಕಿಂತ ಹೆಚ್ಚು ಇಳಿದಿತ್ತು, ವಾರದಿಂದ ವಾರಕ್ಕೆ ನೋಡುವವರಿಗೆ ಕಾಣುವಂತಿರಲಿಲ್ಲ, ಅಷ್ಟೆ.

ಆದರೆ ತಿಂಗಳಿಗೊಮ್ಮೆ ಸಿಗುವ ಸುದ್ದಿಯನ್ನು ನಂಬಿಕೊಂಡು ದಿನದಿನವೂ ಹುರುಪಿನಿಂದ ಏಳುವುದು ಕಷ್ಟ. ದಿನದ ಕೊನೆಗೆ ‘ಇವತ್ತು ಆಯಿತು’ ಎಂದು ಹೇಳಿಕೊಳ್ಳಲು ಏನಾದರೂ ಬೇಕು, ಅದು ನನ್ನ ಕೈಯಳತೆಯಲ್ಲೇ ಇರಬೇಕು. ತೂಕ ನನ್ನ ಕೈಯಲ್ಲಿಲ್ಲ. ನಡೆಯುವುದು, ತಟ್ಟೆಗೆ ಬಡಿಸಿಕೊಳ್ಳುವುದು, ಹೊತ್ತಿಗೆ ಮಲಗುವುದು ನನ್ನ ಕೈಯಲ್ಲಿದೆ. ಪುಸ್ತಕದಲ್ಲಿ ನಾಲ್ಕು ಅಂಕಣ ಎಳೆದೆ. ನಡಿಗೆ ಆಯಿತೇ, ಎರಡು ಹೊತ್ತಿನ ಊಟದಲ್ಲಿ ಅರ್ಧ ತಟ್ಟೆ ತರಕಾರಿ ಇತ್ತೇ, ರಾತ್ರಿಯ ಊಟದ ನಂತರ ಬಾಯಿ ಆಡಿಸದೆ ಇದ್ದೆನೇ, ಏಳು ತಾಸು ನಿದ್ದೆ ಬಂತೇ. ಆದದ್ದಕ್ಕೆ ಒಂದು ಗೆರೆ, ಆಗದ್ದಕ್ಕೆ ಖಾಲಿ ಮನೆ. ಕೆಂಪು ಶಾಯಿಯನ್ನು ಬೇಕೆಂದೇ ದೂರವಿಟ್ಟೆ. ಖಾಲಿ ಮನೆಗೆ ಶಿಕ್ಷೆ ಇಲ್ಲ, ಮರುದಿನ ಉಪವಾಸ ಮಾಡಿ ಸರಿದೂಗಿಸುವುದೂ ಇಲ್ಲ. ಒಂದೇ ಅಂಕಣದಲ್ಲಿ ಎರಡು ದಿನ ಸತತವಾಗಿ ಖಾಲಿ ಬಿಡಬಾರದು ಎಂಬುದೊಂದೇ ನಿಯಮ. ಜ್ವರ ಬಂದ ದಿನ ಆ ನಿಯಮವೂ ಇಲ್ಲ.

ನಡಿಗೆಗೆ ಒಂದು ಕನಿಷ್ಠ ಮಿತಿಯನ್ನೂ ಇಟ್ಟೆ. ಮೈಮನಸ್ಸು ಒಲ್ಲೆ ಎಂದ ದಿನ ಹತ್ತು ನಿಮಿಷ ಸಾಕು, ಅದಕ್ಕೂ ಪೂರ್ತಿ ಗೆರೆಯೇ. ಇದು ಸೋಮಾರಿತನಕ್ಕೆ ದಾರಿ ಎಂದು ಮೊದಲಿಗೆ ಅನಿಸಬಹುದು. ಚಪ್ಪಲಿಯೋ ಬೂಟೋ ಹಾಕಿಕೊಂಡು ಹೊಸ್ತಿಲು ದಾಟಿದ ಮೇಲೆ ಹತ್ತು ನಿಮಿಷಕ್ಕೇ ಮರಳಿದ್ದು ಅಪರೂಪ. ಕಷ್ಟವಿದ್ದುದು ಹೊಸ್ತಿಲು ದಾಟುವುದರಲ್ಲಿ.

ಯಂತ್ರಕ್ಕಿಂತ ಹೆಚ್ಚು ನಂಬಿಕೆ ಬಂದದ್ದು ಟೇಪಿನ ಮೇಲೆ. ತೂಕ ನಿಂತುಬಿಟ್ಟಂತೆ ಕಂಡ ತಿಂಗಳಲ್ಲೂ ಸೊಂಟದ ಸುತ್ತಳತೆ ಇಳಿದದ್ದುಂಟು. ಒಂದು ಲೀಟರ್ ಗಾತ್ರದ ಕೊಬ್ಬು ಸುಮಾರು 0.9 ಕಿಲೋ ತೂಗಿದರೆ ಅಷ್ಟೇ ಗಾತ್ರದ ಸ್ನಾಯು 1.06 ಕಿಲೋ ತೂಗುತ್ತದೆ; ಕೊಬ್ಬು ಕರಗಿ ಸ್ನಾಯು ಬೆಳೆದಾಗ ತೂಕ ಹಾಗೆಯೇ ಇದ್ದು ಮೈ ಮಾತ್ರ ಸಪೂರವಾಗುವುದು ಇದರಿಂದಲೇ. ಅಳೆಯುವುದರಲ್ಲಿ ಸ್ವಲ್ಪ ಶಿಸ್ತು ಬೇಕು. ಪ್ಯಾಂಟಿನ ಪಟ್ಟಿ ಕೂರುವ ಜಾಗವನ್ನೇ ಸೊಂಟ ಎಂದುಕೊಂಡರೆ ಅಳತೆ ಪ್ರತಿ ಸಲ ಒಂದೊಂದು ಬರುತ್ತದೆ. ಪಕ್ಕೆಯಲ್ಲಿ ಬೆರಳಾಡಿಸಿ ಕೊನೆಯ ಪಕ್ಕೆಲುಬಿನ ಕೆಳತುದಿಯನ್ನೂ, ಸೊಂಟದ ಮೂಳೆಯ ಮೇಲಂಚನ್ನೂ ಹುಡುಕಿ, ಅವೆರಡರ ನಟ್ಟನಡುವೆ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತುತ್ತೇನೆ. ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟು, ಬಿಟ್ಟ ಆ ಕ್ಷಣದಲ್ಲಿ ಓದುತ್ತೇನೆ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಿರಬಾರದು. ಎರಡು ಸಲ ಅಳೆದು, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೊಮ್ಮೆ ಅಳೆಯುತ್ತೇನೆ. ಇದೂ ತಿಂಗಳಿಗೊಮ್ಮೆ ಮಾತ್ರ. ಇಲ್ಲವಾದರೆ ಯಂತ್ರದ ಗೀಳು ಹೋಗಿ ಟೇಪಿನ ಗೀಳು ಹತ್ತುತ್ತದೆ.

ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂಬ ಸಲಹೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2022ರಲ್ಲಿ ನೀಡಿತು. ನನಗೆ ಇದು ತೂಕವನ್ನು ಎತ್ತರಕ್ಕೆ ಹೋಲಿಸಿ ಹೇಳುವ ಬಿ.ಎಂ.ಐ.ಗಿಂತ ಹತ್ತಿರದ ಗುರಿ ಎನಿಸಿತು, ಏಕೆಂದರೆ ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಹೆಚ್ಚು ನಂಟಿರುವುದು ಹೊಟ್ಟೆಯ ಸುತ್ತ ಸೇರಿದ ಕೊಬ್ಬಿಗೆ. ಬಿ.ಎಂ.ಐ.ನ ಸೂತ್ರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕ್ವೆಟ್ಲೆ ರೂಪಿಸಿದ್ದು ಜನಸಮೂಹದ ಅಧ್ಯಯನಕ್ಕಾಗಿ. ಒಬ್ಬ ವ್ಯಕ್ತಿಯ ಮೈಯಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂದು ಅದು ಹೇಳಲಾರದು.

ಟೇಪಿನ ಆಚೆಗೂ ಗುರುತುಗಳಿವೆ. ನಾಲ್ಕನೆಯ ಮಹಡಿಯಲ್ಲಿರುವ ಕಚೇರಿಗೆ ಮೆಟ್ಟಿಲು ಹತ್ತಿ ಹೋದಾಗ, ಬಾಗಿಲಲ್ಲಿ ಎದುರಾದವರ ‘ಹೇಗಿದ್ದೀರಿ’ಗೆ ಮೊದಮೊದಲು ತಲೆಯಾಡಿಸಿ ಉತ್ತರಿಸುತ್ತಿದ್ದೆ, ಮಾತು ಹೊರಡುತ್ತಿರಲಿಲ್ಲ. ಕೆಲವು ತಿಂಗಳಾದ ಮೇಲೆ ಮೇಲೇರಿ ನಿಂತು ಒಂದು ಪೂರ್ತಿ ವಾಕ್ಯವನ್ನು ತಡೆಯಿಲ್ಲದೆ ಹೇಳಿದೆ. ಅಂದು ನನಗಾದ ಸಂತೋಷ ಯಾವ ಅಂಕಿಯಿಂದಲೂ ಆಗಿಲ್ಲ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಮಣಿಕಟ್ಟಿನಲ್ಲಿ ನಾಡಿ ಎಣಿಸಿದರೆ ಅದೂ ನಿಧಾನವಾಗಿ ಇಳಿಯುತ್ತಾ ಬಂದಿತ್ತು. ನೆಲದ ಮೇಲೆ ಕುಳಿತವಳು ಕೈಯೂರದೆ ಏಳುವಂತಾದೆ.

ವೈದ್ಯರ ವರದಿಗಳೂ ಇದೇ ದಿಕ್ಕಿನಲ್ಲಿವೆ. ಇರುವ ತೂಕದಲ್ಲಿ ಶೇಕಡಾ 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ರಕ್ತದ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಸುಧಾರಿಸುತ್ತವೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಶೇಕಡಾ 7ರಷ್ಟು ತೂಕ ಇಳಿಸುವ ಮತ್ತು ವಾರಕ್ಕೆ 150 ನಿಮಿಷ ಚಟುವಟಿಕೆಯ ಗುರಿ ಇಟ್ಟುಕೊಂಡಿತ್ತು. ಈ ಗುರಿ ಹಿಡಿದು ನಡೆದ ಗುಂಪಿನಲ್ಲಿ, ಹುಸಿ ಮಾತ್ರೆ ಪಡೆದ ಗುಂಪಿಗೆ ಹೋಲಿಸಿದರೆ, ಕಾಯಿಲೆ ಬರುವ ಪ್ರಮಾಣ ಶೇಕಡಾ 58ರಷ್ಟು ಕಡಿಮೆಯಾಯಿತು. ಎಂಬತ್ತು ಕಿಲೋ ಇರುವವರಿಗೆ ಶೇಕಡಾ 7 ಎಂದರೆ ಸುಮಾರು ಐದೂವರೆ ಕಿಲೋ. ಮದುವೆಯ ಫೋಟೋದಲ್ಲಿನ ಮೈಕಟ್ಟನ್ನು ಗುರಿಯಾಗಿಟ್ಟುಕೊಂಡವರಿಗೆ ಇದು ಸಣ್ಣದೆನಿಸುತ್ತದೆ, ರಕ್ತನಾಳಗಳಿಗೆ ಸಣ್ಣದಲ್ಲ.

ತೂಕ ನಿಜವಾಗಿಯೂ ನಿಂತುಬಿಡುವ ಕಾಲವೂ ಬರುತ್ತದೆ. ಟೇಪೂ ಕದಲುವುದಿಲ್ಲ, ನಾಲ್ಕು ಅಂಕಣಗಳಲ್ಲಿ ಗೆರೆಗಳು ತುಂಬಿರುತ್ತವೆ. ಮೈ ಹಗುರವಾದಂತೆ ಅದಕ್ಕೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ. ಕೊಬ್ಬು ಕರಗಿದಂತೆ ಲೆಪ್ಟಿನ್ ಎಂಬ ಹಾರ್ಮೋನು ಇಳಿದು ಹಸಿವು ಏರುತ್ತದೆ. ಮೊದಲು ಇಳಿಕೆ ತಂದ ಊಟವೇ ಈಗ ತೂಕವನ್ನು ಇದ್ದಲ್ಲೇ ನಿಲ್ಲಿಸುವ ಊಟವಾಗುತ್ತದೆ. ಇಲ್ಲಿ ತಟ್ಟೆಯನ್ನು ಇನ್ನೂ ಬರಿದು ಮಾಡುವ ಆಸೆ ಹುಟ್ಟುತ್ತದೆ. ನಾನು ಅದಕ್ಕೆ ಸೋಲಲಿಲ್ಲ, ಕಾರಣವಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನೆಸೋಟದಲ್ಲಿ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟು ನೋಡಿದ್ದರು. ಆ ಯುವಕರಿಗೆ ಹಗಲೂ ಇರುಳೂ ಊಟದ್ದೇ ಧ್ಯಾನ. ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು, ಸಿಡುಕು, ಮಂಕು ಕವಿಯಿತು. ದಿನವಿಡೀ ಊಟದ, ತೂಕದ ಯೋಚನೆಯೇ ತಲೆಯಲ್ಲಿ ಸುತ್ತುತ್ತಿದ್ದರೆ ಮನೋಬಲವನ್ನು ದೂರುವ ಮೊದಲು ತೀರಾ ಕಡಿಮೆ ತಿನ್ನುತ್ತಿದ್ದೇನೆಯೇ ಎಂದು ನೋಡಿಕೊಳ್ಳಬೇಕು. ತೂಕ ನಿಂತಾಗ ನಾನು ಒಂದೆರಡು ವಾರ ಇಳಿಸುವ ಪ್ರಯತ್ನವನ್ನೇ ಬಿಟ್ಟು, ಇದ್ದಷ್ಟನ್ನು ಉಳಿಸಿಕೊಳ್ಳುವಷ್ಟು ತಿಂದೆ, ಪ್ರೋಟೀನ್ ಹೆಚ್ಚಿಸಿದೆ, ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಸೇರಿಸಿದೆ. ಕರಗಬೇಕಾದದ್ದು ಕೊಬ್ಬು, ಸ್ನಾಯುವಲ್ಲ.

ಬೆವರು ಸುರಿಸಿದಷ್ಟೂ ಕೊಬ್ಬು ಹೋಗುತ್ತದೆ ಎಂಬ ನಂಬಿಕೆಯನ್ನೂ ಇಲ್ಲಿ ಹೇಳಬೇಕು, ಯಂತ್ರದ ಗೀಳಿಗೆ ಅದೂ ನೀರೆರೆಯುತ್ತದೆ. ಓಡಿ ಬಂದು ತಕ್ಷಣ ತೂಗಿಕೊಂಡರೆ ಕಡಿಮೆ ತೋರಿಸುವುದು ಬೆವರಾಗಿ ಹೋದ ನೀರಿನಿಂದ. ಎರಡು ಲೋಟ ನೀರು ಕುಡಿದರೆ ಅದರಲ್ಲಿ ಅರ್ಧ ಕಿಲೋ ತಕ್ಷಣ ಮರಳುತ್ತದೆ. ಹತ್ತು ಕಿಲೋ ಕೊಬ್ಬು ದೇಹದಲ್ಲಿ ಪೂರ್ತಿ ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ ಎಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಲೆಕ್ಕ ಕೊಟ್ಟಿದ್ದರು. ಸುಮ್ಮನೆ ಜೋರಾಗಿ ಉಸಿರಾಡಿದರೆ ಪ್ರಯೋಜನವಿಲ್ಲ, ಶಕ್ತಿ ಖರ್ಚಾಗಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಹತ್ತಿರದವರ ಪ್ರಶ್ನೆ. ‘ಎಷ್ಟು ಕಿಲೋ ಇಳಿದೆ?’ ಎಂದು ಅಕ್ಕ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದಳು. ಅವಳ ಪ್ರೀತಿಯ ಬಗ್ಗೆ ಸಂಶಯವಿಲ್ಲ. ಆದರೂ ಅಂಕಿ ಒಮ್ಮೆ ಬಾಯಿಂದ ಹೊರಬಿದ್ದರೆ ಮುಂದಿನ ಸಲ ಅದಕ್ಕಿಂತ ಕಡಿಮೆ ಹೇಳಲೇಬೇಕೆಂಬ ಒತ್ತಡ ಹುಟ್ಟುತ್ತದೆ. ‘ಅಕ್ಕಾ, ಕಿಲೋ ಕೇಳಬೇಡ. ಈ ವಾರ ಎಷ್ಟು ದಿನ ನಡೆದೆ ಎಂದು ಕೇಳು’ ಎಂದೆ. ಈಗ ಅದನ್ನೇ ಕೇಳುತ್ತಾಳೆ, ತಾನು ಎಷ್ಟು ನಡೆದೆ ಎಂದೂ ಹೇಳುತ್ತಾಳೆ.

ನನ್ನ ಕ್ರಮ ಎಲ್ಲರಿಗೂ ಹೊಂದುವುದಿಲ್ಲ. ಹೃದಯ ವೈಫಲ್ಯ ಇರುವವರಿಗೆ ವೈದ್ಯರು ದಿನವೂ ತೂಗಿಕೊಳ್ಳಲು ಹೇಳುತ್ತಾರೆ. ಎರಡು ಮೂರು ದಿನಗಳಲ್ಲಿ ಒಂದೆರಡು ಕಿಲೋ ಏರಿದರೆ ಅದು ದೇಹದಲ್ಲಿ ನೀರು ನಿಲ್ಲುತ್ತಿರುವ ಎಚ್ಚರಿಕೆ, ಕೂಡಲೇ ತಿಳಿಸಬೇಕು. ಏನೂ ಪ್ರಯತ್ನಿಸದೆ ತೂಕ ಇಳಿಯುತ್ತಿದ್ದರೂ ಪರೀಕ್ಷೆ ಆಗಬೇಕು. ತೂಕಕ್ಕೆ ಹೆದರಿ ಊಟ ಬಿಡುವುದು, ತಿಂದದ್ದನ್ನು ವಾಂತಿ ಮಾಡುವುದು, ದಿನಕ್ಕೆ ಹಲವು ಸಲ ತೂಗಿಕೊಳ್ಳುವುದು ಶುರುವಾಗಿದ್ದರೆ ಅಂಕಣದ ಪುಸ್ತಕದಿಂದ ಆಗುವ ಕೆಲಸವಲ್ಲ. ತಡಮಾಡದೆ ವೈದ್ಯರನ್ನು ಕಾಣಬೇಕು; ಅದು ಚಿಕಿತ್ಸೆಯಿರುವ ಕಾಯಿಲೆ.

ಇಳಿಸಬೇಕಾದಷ್ಟು ಇಳಿಸಿದ ಮೇಲೂ ಪುಸ್ತಕವನ್ನು ಮುಚ್ಚಿಲ್ಲ. ನಾಲ್ಕು ವಾರಗಳ ಸರಾಸರಿ ಎರಡು ಕಿಲೋ ಏರಿದರೆ ಊಟಕ್ಕೆ ಕತ್ತರಿ ಹಾಕುವ ಮೊದಲು ಅಂಕಣಗಳನ್ನು ತಿರುವಿ ನೋಡುತ್ತೇನೆ. ನನ್ನ ಮಟ್ಟಿಗೆ ಮೊದಲು ಖಾಲಿಯಾಗುವುದು ನಿದ್ದೆಯ ಅಂಕಣ. ಅದು ಖಾಲಿಯಾದ ವಾರವೇ ರಾತ್ರಿಯ ಊಟದ ನಂತರ ಬಾಯಾಡಿಸುವುದು ಶುರುವಾಗುತ್ತದೆ, ಆಮೇಲೆ ನಡಿಗೆ ತಪ್ಪುತ್ತದೆ. ಹಾಗಾಗಿ ಸರಿಪಡಿಸುವುದನ್ನೂ ಅಲ್ಲಿಂದಲೇ ಆರಂಭಿಸುತ್ತೇನೆ: ಹತ್ತು ಗಂಟೆಗೆ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು ದೀಪ ಆರಿಸುತ್ತೇನೆ.