ಸೌದೆ ಕೊಟ್ಟಿಗೆಯಿಂದ ಕ್ರಿಸ್‌ಮಸ್ ಮರಕ್ಕೆ

ಡಿಸೆಂಬರ್ ಬಂತು ಅಂದರೆ ಶಿವಮೊಗ್ಗದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೆಂಡು, ಮಿಣುಕು ನಕ್ಷತ್ರಗಳ ರಾಶಿ. ತರಬಹುದು, ತಪ್ಪೇನಿಲ್ಲ. ಆದರೆ ತೋಟ ಇರುವ ಮನೆಯ ಸೌದೆ ಕೊಟ್ಟಿಗೆಯಲ್ಲೇ, ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಕಟ್ಟಿಗೆ ಬಿಲ್ಲೆಗೆ ಬೇಕಾದ ಅರ್ಧ ಸಾಮಾನು ಬಿದ್ದಿರುತ್ತದೆ. ಸಾಗರ, ಸೊರಬದ ಗುಡಿಗಾರರ ಕೆತ್ತನೆ ನೋಡಿದವರಿಗೆ ಇದು ಮಕ್ಕಳಾಟ. ಉಳಿ ಬೇಕಿಲ್ಲ, ಗರಗಸ ಸಾಕು.

ಮೊದಲು ಬಿಲ್ಲೆಗೆ ತಕ್ಕ ಮರ. ಅರ್ಧ ಕೆಲಸ ಇಲ್ಲೇ ಇದೆ. ಮೊದಲ ವರ್ಷ ನಾನು ಹಲಸಿನ ಹಸಿ ಕೊಂಬೆ ಕೊಯ್ದು ಬಿಲ್ಲೆ ಮಾಡಿದ್ದೆ. ಆ ಹಳದಿ ಬಣ್ಣಕ್ಕೆ ಮರುಳಾಗಿದ್ದು. ಹಬ್ಬದ ದಿನ ಚೆನ್ನಾಗೇ ಇದ್ದವು. ಜನವರಿ ಮುಗಿಯುವುದರೊಳಗೆ ಒಂದೊಂದೂ ಅಂಚಿನಿಂದ ನಡುವಿನ ತನಕ ಸೀಳಿ, ಚಳಿಗಾಲದ ಹಿಮ್ಮಡಿ ಹಾಗಾಗಿದ್ದವು. ಮರ ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಉಂಗುರಗಳ ಗುಂಟ ಜಾಸ್ತಿ, ತಿರುಳಿಂದ ತೊಗಟೆಯ ಕಡೆಗೆ ಸುಮಾರು ಅದರ ಅರ್ಧ. ಆ ಎಳೆದಾಟದಲ್ಲಿ ಬಿಲ್ಲೆ ಬಾಯಿ ಬಿಡುತ್ತದೆ.

ಹಾಗಾಗಿ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿದಾಗ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರಿದಾಗ, ಬಿದ್ದ ಸಿಲ್ವರ್ ಓಕ್ ಕೊಂಬೆ ಹುಡುಕಿ. ಕೊಟ್ಟಿಗೆಯಲ್ಲಿ ಒಣಗಿ, ಒಡೆಯುವುದೆಲ್ಲ ಒಡೆದು ಮುಗಿದಿರುತ್ತದೆ. ಐದಾರು ಸೆಂ.ಮೀ. ದಪ್ಪ ಇರಲಿ. ಬಿರುಕು ಬಿಟ್ಟ ತುದಿಯನ್ನು ನಾಲ್ಕು ಇಂಚು ಕೊಯ್ದು ಒಲೆಗೆ ಹಾಕಿ. ತೊಗಟೆ ಸಡಿಲ ಇದ್ದರೆ ಸುಲಿದುಬಿಡಿ. ಕುಟ್ಟೆ (ಹುಳು ಕೊರೆದ ಪುಡಿ) ಉದುರುತ್ತಿದ್ದರೆ ಆ ಕೊಂಬೆಯೇ ಬೇಡ. ಯಾವುದೆಂದು ಗೊತ್ತಿಲ್ಲದ ಕಾಡುಕಟ್ಟಿಗೆಯೂ ಬೇಡ. ಹೊಳೆಗೇರು ಮರದ ಸೊನೆ ತಾಗಿ ಮೈಯೆಲ್ಲ ಗುಳ್ಳೆ ಎದ್ದವರನ್ನು ನೋಡಿದ್ದೀರಲ್ವಾ?

ಕೊಂಬೆಯನ್ನು ಬೆಂಚಿಗೆ ಹಗ್ಗದಿಂದ ಬಿಗಿದು, ಸಣ್ಣ ಹಲ್ಲಿನ ಗರಗಸದಲ್ಲಿ 8 ಮಿ.ಮೀ. ದಪ್ಪಕ್ಕೆ ಬಿಲ್ಲೆ ಕೊಯ್ಯಿರಿ. ಗರಗಸ ಒತ್ತಬೇಡಿ, ಸುಮ್ನೆ ಎಳೆಯುತ್ತಾ ಹೋಗಿ. ಕೊಂಬೆ ಒಂದು ಗೇಣಿಗಿಂತ ಚಿಕ್ಕದಾದರೆ ಅಲ್ಲಿಗೆ ನಿಲ್ಲಿಸಿ. ತುಂಡು ಹಿಡಿದುಕೊಂಡು ಕೊನೆಯ ಬಿಲ್ಲೆಗೆ ಆಸೆಪಟ್ಟಾಗಲೇ ಬೆರಳಿಗೆ ಬೀಳುವುದು.

ಉಜ್ಜುವ ಮೊದಲೇ ತೂತು ಕೊರೆಯಿರಿ. 3 ಮಿ.ಮೀ. ಬಿಟ್ ಸಾಕು. ತೂತು ಅಂಚಿನಿಂದ ಒಂದು ಸೆಂ.ಮೀ. ಒಳಗಿರಲಿ. ಕೆಳಗೆ ಬೇಡದ ಹಲಗೆ ಇಟ್ಟರೆ ಹಿಂಬದಿ ಚಕ್ಕೆ ಏಳುವುದಿಲ್ಲ. ಆಮೇಲೆ ಉಪ್ಪು ಕಾಗದ: 80, 120, ಕೊನೆಗೆ 220ನೇ ನಂಬರು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಸಿಲ್ವರ್ ಓಕ್ ಪುಡಿಗೆ ಕೆಲವರ ಚರ್ಮ ಕೆರೆಯುತ್ತದೆ.

ಚಿತ್ರ ನಿಮ್ಮಿಷ್ಟ. ನಾನು ನಮ್ಮ ಕಡೆ ಗೋಡೆಗೆ ಬರೆಯುವ ಹಸೆ ಚಿತ್ತಾರದ ನೇರ ಗೆರೆಗಳನ್ನೇ ಅಂಚಿಗೆ ಎಳೆಯುತ್ತೇನೆ. ಪುಂಡಿ ನಾರಿನ ಕುಂಚ, ಬಿಳಿ ಅಕ್ರಿಲಿಕ್ ಬಣ್ಣ. ಅಕ್ಕಿ ಹಿಟ್ಟಿನ ಬಣ್ಣವಾದರೆ ಜಿರಲೆ ತಿಂದುಬಿಡುತ್ತದೆ. ಕ್ರಿಸ್‌ಮಸ್ ತಾತನಿಗಿಂತ ಇದೇ ಚೆನ್ನ ಅಂತ ನನ್ನ ಅಭಿಪ್ರಾಯ, ಮಕ್ಕಳು ಒಪ್ಪುವುದಿಲ್ಲ.

ಬಣ್ಣ ಒಣಗಿದ ಮೇಲೆ ಅಗಸೆ ಎಣ್ಣೆ ತೆಳುವಾಗಿ ಸವರಿ, ಕಾಲು ಗಂಟೆ ಬಿಟ್ಟು ಒರೆಸಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ತಂತಿ ಮೇಲೆ ಹರವಿ ಒಣಗಿಸಿ.

ಬಾಗಿಲಿಗೆ ನಕ್ಷತ್ರ ಬೇಕಾದರೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಇದೆ. ಒಂದೇ ಉದ್ದದ ಐದು ಕಡ್ಡಿ ಸೀಳಿ, ಸಿಬಿರು ಹೋಗುವಂತೆ ಉಜ್ಜಿ. ಕೈ ಎತ್ತದೆ ಕಾಗದದ ಮೇಲೆ ನಕ್ಷತ್ರ ಬರೆಯುತ್ತೀರಲ್ಲ, ಅದೇ ಕ್ರಮದಲ್ಲಿ ಜೋಡಿಸಿ ಐದು ತುದಿಗೂ ನಾರು ಬಿಗಿದರೆ ಆಯಿತು.

ಬಿಲ್ಲೆಗಳನ್ನು ಬಾಳೆ ನಾರಿನಲ್ಲಿ ಕಟ್ಟಿ. ಕ್ರಿಸ್‌ಮಸ್ ಮರ ಅಂತ ಗಾಳಿಮರದ ಕೊಂಬೆ ನೆಟ್ಟಿದ್ದರೆ ಅದರ ತುದಿ ಭಾರಕ್ಕೆ ಬಗ್ಗಿ ನೆಲ ನೋಡುತ್ತದೆ. ಬಿಲ್ಲೆ ಬುಡದ ಕಡೆ ತೂಗಲಿ, ತುದಿಗೆ ಕಾಗದದ್ದು.